ಸ್ಪೀಕರ್ ನಮ್ಮ ಎಂಪಿಗೆ ಮಾತಾಡಾಕ ಬಿಡಲಿಲ್ಲಂತ, ಇದು ಖರೇ ಏನ್ರಿ?

ಪ್ರಶ್ನೆ: "ಸರ್ ನಮಸ್ಕಾರ. ನಾನು ಬನಹಟ್ಟಿಯಾಂವ, ಮನ್ಯಾಗ ನಾಕು ಪಾವರ್‌ಲೂಮ್ ಅದಾವು. ಬಾಗಲಕೋಟಿ-ಕುಡಚಿ ರೈಲ್ವೆ ಲೈನ್ ಸಲುವಾಗಿ ನಾವು ಊರಿನ ಮಂದಿ ಕೊಟ್ಟ ಮನವಿಗೆ ಲೆಕ್ಕ ಇಲ್ಲ. 2010-11ರಾಗ ಮಂಜೂರಾದ 142 ಕಿಲೋಮೀಟರ್ ಲೈನು, ಖಜ್ಜಿಡೋಣಿ ತನಕ ಬಂದು ಅಲ್ಲೇ ಎಷ್ಟು ವರ್ಷ ನಿಂತಿತು ನಿಮಗೂ ಗೊತ್ತೈತಿ. ನಮ್ಮ ಭಾಗದ ಒಬ್ಬ ಎಂಪಿ ಕಡೆಯವ್ರಿಗೆ ಕೇಳಿದ್ರ, ಸಾಹೇಬ್ರು ಎದ್ದು ನಿಂತಿದ್ರು, ಸ್ಪೀಕರ್ ಚಾನ್ಸ್ ಕೊಡಲಿಲ್ಲ ಅಂದ್ರು. ಟಿವಿಯಾಗ ನೋಡಿದ್ರ ಮೈಕ್ ಬಂದ್ ಆಗ್ತೈತಿ, ಕಡತದಿಂದ ತಗೀರಿ ಅಂತಾರ, ಮಂದಿನ್ನ ಹೊರಗ ಹಾಕ್ತಾರ. ನನ್ನ ಮಗ ಡಿಗ್ರಿ ಓದ್ತಾನ, ಅವಾ ಹೇಳೂದು ಸ್ಪೀಕರ್ ಅಂದ್ರ ಆಳೋ ಪಾರ್ಟಿ ಆಳು, ಅವ್ರ ಮ್ಯಾಲ ಕೋರ್ಟಿಗೂ ಹೋಗಾಕ ಬರಂಗಿಲ್ಲ ಅಂತ. ಹಂಗಾದ್ರ ನಾವು ಸೀದಾ ಸ್ಪೀಕರ್‌ಗೇ ಪತ್ರ ಬರೀಬೇಕೋ, ಕೋರ್ಟಿಗೆ ಹೋಗಬೇಕೋ, ಸುಮ್ನ ಕುಂಡ್ರಬೇಕೋ ಹೇಳ್ರಿ."

ಉತ್ತರ:

ಅಣ್ಣಾರ, ನಿಮ್ಮ ಪತ್ರದಾಗ ಎರಡು ಸಿಟ್ಟು ಅದಾವು, ಒಂದು ರೈಲಿಂದು, ಇನ್ನೊಂದು ಸ್ಪೀಕರಂದು, ಎರಡೂ ಒಂದ ಗಂಟಿನ್ಯಾಗ ಕಟ್ಟೀರಿ. ಬಿಚ್ಚಿ ಬ್ಯಾರೆ ಬ್ಯಾರೆ ಇಟ್ಟು ನೋಡೂಣು.

ನಾನು ದಿಲ್ಲಿಯಾಗ ಹದಿನಾಕು ವರ್ಷ ಎಂಪಿಗಳ ಆಫೀಸಿನ್ಯಾಗ ದುಡದಾಂವ. ಕೆಲಸ ಅಂದ್ರ ಅವ್ರ ಹೆಸರ್ಲೆ ಪ್ರಶ್ನೆ ಬರಿಯೂದು, ನೋಟೀಸ್ ತುಂಬೂದು, ಭಾಷಣಕ್ಕ ಪಾಯಿಂಟ್ ತಗದು ಕೊಡೂದು. ಹಿಂಗಾಗಿ ಒಂದು ಮಾತು ಮೊದಲ ಒಪ್ಕೊಂಡ ಬಿಡ್ತೀನಿ. "ಸಾಹೇಬ್ರು ಎದ್ದು ನಿಂತಿದ್ರು, ಸ್ಪೀಕರ್ ಚಾನ್ಸ್ ಕೊಡಲಿಲ್ಲ" ಅನ್ನೋ ಡೈಲಾಗ್ ನಾನ ಊರಿನ ಮಂದಿಗೆ ಫೋನಿನ್ಯಾಗ ಎಷ್ಟೋ ಸಲ ಹೊಡದೀನಿ. ಕೆಲವು ಸಲ ಖರೇನ ಹಂಗ ಆಗಿರ್ತಿತ್ತು. ಭಾಳ ಸಲ ನಾವು ನೋಟೀಸ ಕೊಟ್ಟಿರಲಿಲ್ಲ, ಇಲ್ಲಾ ಟೈಮ್ ಮೀರಿ ಕೊಟ್ಟಿರ್ತಿದ್ವಿ, ಅದನ್ನ ಹೇಳಾಕ ಮುಖ ಇರತಿರಲಿಲ್ಲ. ಕುರ್ಚಿ ಮ್ಯಾಲ ಕುಂತವ್ರು ಬನಹಟ್ಟಿಗೆ ಬಂದು ಅದು ಸುಳ್ಳು ಅಂತ ಹೇಳಂಗಿಲ್ಲಲ್ಲ, ತಪ್ಪು ಅವ್ರ ಕೊಳ್ಳಾಗ ಹಾಕೂದು ಸಸಾರ.

ಲೋಕಸಭಾದಾಗ 543 ಸೀಟ್ ಅದಾವು, ಎದ್ದು ನಿಂತವ್ರಿಗೆಲ್ಲ ಮಾತು ಸಿಗೂದು ಸಾಧ್ಯ ಇಲ್ರಿ. ದೊಡ್ಡ ಚರ್ಚೆ ಇತ್ತಂದ್ರ ಯಾವ ವಿಷಯಕ್ಕ ಎಷ್ಟು ತಾಸು ಅಂತ ಕಾರ್ಯಕಲಾಪ ಸಲಹಾ ಸಮಿತಿ ಕುಂತು ಠರಾಯಿಸ್ತೈತಿ, ಅದಕ್ಕ ಸ್ಪೀಕರ್ರೇ ಅಧ್ಯಕ್ಷರು, ಆಮ್ಯಾಲ ಆ ತಾಸುಗಳನ್ನ ಪಾರ್ಟಿಗೆ ಎಷ್ಟು ಸೀಟ್ ಅದಾವೋ ಆ ಲೆಕ್ಕದ ಮ್ಯಾಲ ಹಂಚ್ತಾರ, ಯಾರು ಮಾತಾಡಬೇಕು ಅನ್ನೋ ಹೆಸರಿನ ಚೀಟಿ ಆಯಾ ಪಾರ್ಟಿ ವಿಪ್, ಅಂದ್ರ ಸದನದಾಗ ಪಾರ್ಟಿ ಮಂದಿನ್ನ ನಡಸಾಂವ, ಅವ್ರ ಕಡಿಂದ ಸ್ಪೀಕರ್ ಟೇಬಲ್ಲಿಗೆ ಹೋಗ್ತೈತಿ. ಅಂದ್ರ ನಿಮ್ಮ ಎಂಪಿಗೆ ಮಾತು ತಪ್ಪಿದ್ರ ಅರ್ಧ ಸಲ ತಪ್ಪಿಸಿದವ್ರು ಅವ್ರ ಪಾರ್ಟಿಯವ್ರೇ. ಇದನ್ನ ಯಾರೂ ಊರಾಗ ಹೇಳಂಗಿಲ್ಲ.

ಮೈಕಿಂದು ಕೇಳೀರಿ. ಸ್ಪೀಕರ್ ಮುಂದ ಸ್ವಿಚ್ ಬೋರ್ಡ್ ಇರ್ತೈತಿ, ಬ್ಯಾಡಾದಾಗ ಒತ್ತಿ ಬಂದ್ ಮಾಡ್ತಾರ ಅಂತ ಮಂದಿ ತಿಳಕೊಂಡಾರ. ಹಂಗಿಲ್ಲ. ಕಂಟ್ರೋಲ್ ರೂಮಿನ್ಯಾಗ ಸ್ಟಾಫ್ ಕುಂತಿರ್ತಾರ, ಕುರ್ಚಿಯಿಂದ ಯಾರ ಹೆಸರು ಬರ್ತೈತೋ ಅವ್ರ ಸೀಟಿನ ಮೈಕ್ ಚಾಲು ಮಾಡ್ತಾರ, ಹೆಸರು ಬರದವ್ರದು ಬಂದ್. ಆದ್ರ ಇದನ್ನ ಕೇಳಿ ಪೂರಾ ಸಮಾಧಾನ ಆಗಾಕೂ ಹೋಗಬ್ಯಾಡ್ರಿ, ಯಾಕಂದ್ರ ಸ್ವಿಚ್ ಅವ್ರ ಕೈಯಾಗ ಇಲ್ಲದಿದ್ರೂ ಹೆಸರು ಅವ್ರ ಬಾಯಾಗ ಐತಿ. ವಿರೋಧ ಪಕ್ಷದವ್ರು, ಯಾವ ಕಾಲದಾಗ ಯಾರ ವಿರೋಧ ಪಕ್ಷ ಇದ್ರೂ, ಇದರ ಮ್ಯಾಲ ತಕರಾರು ತಗದಾರ, ಅದರಾಗ ಹುರುಳೇ ಇಲ್ಲಂತ ನಾ ಹೇಳಂಗಿಲ್ಲ.

ಕಡತದಿಂದ ತಗಿಯೂದು ಲೋಕಸಭಾ ನಿಯಮದ ಪುಸ್ತಕದಾಗ 380ನೇ ನಿಯಮ. ಮಾನ ಕಳಿಯುವಂಥ, ಅಸಭ್ಯ, ಸದನಕ್ಕ ಒಪ್ಪದ ಮಾತು ಅನಿಸಿದ್ರ ಸ್ಪೀಕರ್ ಆ ಶಬ್ದಗಳನ್ನ ತಗೀರಿ ಅಂತ ಆರ್ಡರ್ ಮಾಡಬಹುದು, ಪ್ರಿಂಟ್ ಆದ ನಡಾವಳಿಯಾಗ ಆ ಜಾಗಾದಾಗ ಚುಕ್ಕಿ ಚುಕ್ಕಿ ನಕ್ಷತ್ರ ಹಾಕಿರ್ತಾರ. ರೈಲು ಕೇಳಿದ್ದಕ್ಕ ಯಾರ ಮಾತೂ ನಕ್ಷತ್ರ ಆಗಂಗಿಲ್ಲ, ಅದರ ಚಿಂತಿ ಬಿಡ್ರಿ. ಹೊರಗ ಹಾಕೂದಕ್ಕೂ ಮೆಟ್ಟಲ ಅದಾವು. ಭಾಳ ಗದ್ಲ ಮಾಡಿದ್ರ ಆ ದಿವಸಕ್ಕ ಹೊರಗ ಹೋಗ್ರಿ ಅನ್ನೂದು 373. ಹೆಸರು ತಗೊಂಡು, ಸದನದ ಮುಂದ ನಿರ್ಣಯ ಇಟ್ಟು ಸಸ್ಪೆಂಡ್ ಮಾಡೂದು 374, ಇದರಾಗ ಸ್ಪೀಕರ್ ಹೆಸರು ತಗೋತಾರ, ಸಸ್ಪೆಂಡ್ ಮಾಡೂದು ಸದನ, ಅಂದ್ರ ಬಹುಮತ ಯಾರದೋ ಅವ್ರು. 2001ರಾಗ 374ಎ ಅಂತ ಒಂದು ಸೇರಿಸಿದ್ರು, ಬಾವಿಗೆ, ಅಂದ್ರ ಸ್ಪೀಕರ್ ಕುರ್ಚಿ ಮುಂದಿನ ಖಾಲಿ ಜಾಗಕ್ಕ, ಇಳಿದು ಘೋಷಣೆ ಕೂಗಿ ಸದನ ನಡಿಯಾಕ ಬಿಡದವ್ರು ಸ್ಪೀಕರ್ ಹೆಸರು ತಗೊಂಡ ಕೂಡ್ಲೆ ತಾನ ಸಸ್ಪೆಂಡ್, ಸತತ ಐದು ದಿನದ ಸಭೆ ಇಲ್ಲಾ ಅಧಿವೇಶನದಾಗ ಉಳಿದ ದಿನ, ಯಾವುದು ಕಡಿಮಿನೋ ಅದು. 1989ರ ಮಾರ್ಚ್‌ನಾಗ ಒಂದ ದಿನ 63 ಮಂದಿನ್ನ ಸಸ್ಪೆಂಡ್ ಮಾಡಿದ್ರು. 2023ರ ಡಿಸೆಂಬರ್ ಅಧಿವೇಶನದಾಗ ಎರಡೂ ಸದನ ಸೇರಿ 146. ಆಗಿನ ಆಳೋ ಪಾರ್ಟಿನೂ ಬ್ಯಾರೆ, ಈಗಿಂದೂ ಬ್ಯಾರೆ, ಇದನ್ನ ಲಕ್ಷ್ಯದಾಗ ಇಡ್ರಿ.

ಸ್ಪೀಕರ್ ಬಾಯಿ ಮುಚ್ಚಸ್ತಾರ ಅಂತ ಎಲ್ಲಾರೂ ಅಂತಾರ, ಬಾಯಿ ತಗಸಿದ್ದೂ ಐತಿ. 1967ರಾಗ ಶಿವಮೊಗ್ಗದಿಂದ ಆರಿಸಿ ಹೋದ ಜೆ.ಎಚ್. ಪಟೇಲ್ರು ಲೋಕಸಭಾದಾಗ ಕನ್ನಡದಾಗ ಮಾತಾಡಾಕ ನಿಂತ್ರು. ಕುರ್ಚಿ ಮ್ಯಾಲ ನೀಲಂ ಸಂಜೀವ ರೆಡ್ಡಿ ಇದ್ರು, ಮಾತಾಡ್ರಿ ಅಂದ್ರು. ಸಂವಿಧಾನದ 120ನೇ ವಿಧಿಯಾಗ ಹಿಂದಿ, ಇಂಗ್ಲಿಷ್ ಸರಿಯಾಗಿ ಬರದವ್ರಿಗೆ ತಾಯಿನುಡಿಯಾಗ ಮಾತಾಡಾಕ ಸ್ಪೀಕರ್ ಅನುಮತಿ ಕೊಡಬಹುದು ಅಂತ ಐತಿ. ಕೊಡಲೇಬೇಕು ಅಂತಿಲ್ಲ, ಕೊಡಬಹುದು. ಈಗ ಕನ್ನಡಕ್ಕ ಅನುವಾದಕರ ವ್ಯವಸ್ಥಾನೇ ಐತಿ, ಹಿಂಗಾಗಿ ನಮಗ ಹಿಂದಿ ಬರಂಗಿಲ್ಲಾಂತ ಸುಮ್ನ ಕುಂತೀವಿ ಅನ್ನೋ ಎಂಪಿ ನೆವ ನಡಿಯಂಗಿಲ್ಲ.

ಈಗ ನಿಮ್ಮ ಮಗಾ ಹೇಳಿದ್ದು. ಆಳೋ ಪಾರ್ಟಿ ಆಳು ಅಂತ.

ಅರ್ಧ ಖರೆ. 93ನೇ ವಿಧಿ ಪ್ರಕಾರ ಲೋಕಸಭಾ ಸದಸ್ಯರೇ ತಮ್ಮಾಗ ಒಬ್ಬರನ್ನ ಆರಿಸ್ಬೇಕು, ಬಹುಮತ ಯಾರ ಕಡೆ ಐತೋ ಅವ್ರ ಮನಷಾನೇ ಗೆಲ್ತಾನ, ಇದರಾಗ ಗುಟ್ಟೇನಿಲ್ಲ. ಹೆಚ್ಚಿನ ಸಲ ಎಲ್ಲಾರೂ ಕೂಡಿ ಒಮ್ಮತದ್ಲೆ ಆರಿಸ್ಯಾರ, ನಾಕು ಸಲ ಪೈಪೋಟಿ ಆಗೇತಿ. 1952ರಾಗ ಜಿ.ವಿ. ಮಾವಳಂಕರ್ ಎದುರು ಶಂಕರ ಶಾಂತಾರಾಮ ಮೋರೆ ನಿಂತ್ರು, 394ಕ್ಕ 55. 1967ರಾಗ ನೀಲಂ ಸಂಜೀವ ರೆಡ್ಡಿ ಎದುರು ತೆನ್ನೇಟಿ ವಿಶ್ವನಾಥಂ, 278ಕ್ಕ 207. 1976ರಾಗ, ಎಮರ್ಜೆನ್ಸಿ ಟೈಮ್, ಬಲಿರಾಮ್ ಭಗತ್ ಎದುರು ನಿಂತವ್ರು ನಮ್ಮ ನರಗುಂದದ ಜಗನ್ನಾಥರಾವ್ ಜೋಶಿ, ಸೋಲ್ತೀನಿ ಅಂತ ಗೊತ್ತಿದ್ದೇ ನಿಂತ್ರು, 344ಕ್ಕ 58. ಆಮ್ಯಾಲ 2024ರಾಗ ಓಂ ಬಿರ್ಲಾ ಎದುರು ಕೆ. ಸುರೇಶ್, ಅದು ಧ್ವನಿಮತದಾಗ ಮುಗೀತು. ಇಂಗ್ಲೆಂಡಿನ್ಯಾಗ ಸ್ಪೀಕರ್ ಆದವ್ರು ಪಾರ್ಟಿ ಬಿಡ್ತಾರ, ಮುಂದಿನ ಎಲೆಕ್ಷನ್ನಿನ್ಯಾಗ ದೊಡ್ಡ ಪಾರ್ಟಿಗಳು ಅವ್ರ ವಿರುದ್ಧ ಮಂದಿ ಹಾಕಂಗಿಲ್ಲ. ನಮ್ಮಲ್ಲಿ ಹಂಗ ಕಾಯ್ದೆನೂ ಇಲ್ಲ, ಪದ್ಧತಿನೂ ಬೇರು ಬಿಡಲಿಲ್ಲ. ಸಂಜೀವ ರೆಡ್ಡಿ 1967ರಾಗ ತಾವಾಗೇ ಕಾಂಗ್ರೆಸ್ ಬಿಟ್ರು, ಅವ್ರ ಹಿಂದ ಬಂದವ್ರು ಆ ದಾರಿ ಹಿಡಿಲಿಲ್ಲ. ಯಾಕ ಹಿಡಿಬೇಕು ಹೇಳ್ರಿ, ಐದು ವರ್ಷ ಆದ ಮ್ಯಾಲ ಟಿಕೆಟ್ ಕೇಳಾಕ ಅದ ಪಾರ್ಟಿ ಬಾಗಲಕ್ಕ ಹೋಗಬೇಕಲ್ಲ. ನನಗ ಅನಿಸೂದು ಇಡೀ ಜಡ್ಡಿನ ಬೇರು ಇದ ಒಂದು, ಮನಷಾರ ಸ್ವಭಾವ ಆಮ್ಯಾಲ.

ಉಳಿದ ಅರ್ಧ ಯಾಕ ಖರೆ ಅಲ್ಲಾಂತ ಕೇಳ್ರಿ. 2008ರ ಜುಲೈನಾಗ ಆಗಿನ ಸ್ಪೀಕರ್ ಸೋಮನಾಥ ಚಟರ್ಜಿಯವ್ರ ಪಾರ್ಟಿ ಸಿಪಿಎಂ ಸರ್ಕಾರಕ್ಕ ಕೊಟ್ಟ ಬೆಂಬಲ ವಾಪಸ್ ತಗೊಂಡು, ನೀವೂ ರಾಜೀನಾಮೆ ಕೊಡ್ರಿ ಅಂತು. ಅವ್ರು ಕೊಡಲಿಲ್ಲ, ವಿಶ್ವಾಸಮತದ ದಿನ ಕುರ್ಚಿ ಮ್ಯಾಲೇ ಕುಂತ್ರು, ಮರದಿನ ಪಾರ್ಟಿಯಿಂದ ಹೊರಗ ಹಾಕಿದ್ರು. 1999ರ ಏಪ್ರಿಲ್‌ನಾಗ ವಾಜಪೇಯಿ ಸರ್ಕಾರ ಒಂದ ಓಟಿನ್ಯಾಗ ಬಿತ್ತಲ್ಲ, 269ಕ್ಕ 270, ಆಗ ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿ, ಸರ್ಕಾರಕ್ಕ ಬೆಂಬಲ ಕೊಟ್ಟಿದ್ದ ತೆಲುಗುದೇಶಂನವ್ರು. ಒಡಿಶಾ ಮುಖ್ಯಮಂತ್ರಿ ಆಗಿದ್ರೂ ಎಂಪಿ ಸೀಟ್ ಬಿಟ್ಟಿರದ ಗಿರಿಧರ ಗಮಾಂಗ್ ಓಟ್ ಹಾಕಬಹುದೋ ಇಲ್ಲೋ ಅಂತ ಜಗಳ ಬಂತು. ಬ್ಯಾಡ ಅಂದಿದ್ರ ಸರ್ಕಾರ ಉಳಿತಿತ್ತೋ ಏನೋ, ಬಾಲಯೋಗಿ ಅದನ್ನ ಗಮಾಂಗ್ ಅವ್ರ ಮನಸಾಕ್ಷಿಗೇ ಬಿಟ್ರು. ಬ್ರಿಟಿಷರ ಕಾಲಕ್ಕ ಹೋದ್ರ ಇನ್ನೂ ಖಡಕ್ ಮನಷಾ ಸಿಗ್ತಾನ, ವಿಠ್ಠಲಭಾಯಿ ಪಟೇಲ್, 1925ರಾಗ ಆಗಿನ ಸೆಂಟ್ರಲ್ ಅಸೆಂಬ್ಲಿಗೆ ಆರಿಸಿ ಬಂದ ಮೊದಲನೇ ಭಾರತೀಯ ಅಧ್ಯಕ್ಷರು. 1928ರಾಗ ಪಬ್ಲಿಕ್ ಸೇಫ್ಟಿ ಬಿಲ್ಲಿಗೆ 61-61 ಸಮ ಓಟ್ ಬಿತ್ತು, ಅವ್ರು ತಮ್ಮ ಓಟನ್ನ ಸರ್ಕಾರದ ವಿರುದ್ಧ ಹಾಕಿದ್ರು. ಇವತ್ತೂ 100ನೇ ವಿಧಿ ಹಂಗ ಐತಿ, ಸ್ಪೀಕರ್ ಮೊದಲು ಓಟ್ ಹಾಕಂಗಿಲ್ಲ, ಸಮ ಬಿದ್ರ ಮಾತ್ರ.

ನಮ್ಮ ಭಾಗದ್ದ ಒಂದು ಮಾತು ಹೇಳಿ ಮುಂದ ಹೋಗ್ತೀನಿ, ಪ್ರಶ್ನೆಗೆ ಸಂಬಂಧ ಕಡಿಮಿ ಆದ್ರೂ ಹೇಳದ ಇರಾಕ ಆಗವಲ್ದು. 1977ರ ಜುಲೈಯಿಂದ 1979ರ ಆಗಸ್ಟ್ ತನಕ ಪಾರ್ಲಿಮೆಂಟಿನ ಎರಡೂ ಕುರ್ಚಿ ನಮ್ಮ ರಾಜ್ಯದವ್ರ ಕಡೇನ ಇದ್ವು. ಲೋಕಸಭಾದಾಗ ಸ್ಪೀಕರ್ ಕೆ.ಎಸ್. ಹೆಗ್ಡೆ, ಸುಪ್ರೀಂ ಕೋರ್ಟ್ ಜಡ್ಜ್ ಇದ್ದವ್ರು, 1973ರಾಗ ಹಿರಿತನ ಮೀರಿ ಬ್ಯಾರೆಯವ್ರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದ್ದಕ್ಕ ರಾಜೀನಾಮೆ ಬಿಸಾಕಿ ಬಂದವ್ರು. ರಾಜ್ಯಸಭಾದಾಗ ಉಪರಾಷ್ಟ್ರಪತಿ ಅಂತ ಸಭಾಪತಿ ಆಗಿದ್ದವ್ರು ನಮ್ಮ ಜಮಖಂಡಿ ತಾಲೂಕಿನ ಬಿ.ಡಿ. ಜತ್ತಿ. ಹುನಗುಂದದ ಎಸ್.ಆರ್. ಕಂಠಿಯವ್ರೂ ಮುಖ್ಯಮಂತ್ರಿ ಆಗೂಕಿಂತ ಮೊದಲು ಮೈಸೂರು ವಿಧಾನಸಭಾದ ಸ್ಪೀಕರ್ ಇದ್ರು. ಈ ಕುರ್ಚಿ ನಮ್ಮ ಮಂದಿಗೆ ಹೊಸಾದಲ್ಲ.

ಹಂಗಾದ್ರ ಸ್ಪೀಕರ್ ಪವರ್ ಎಲ್ಲೈತಿ? ಮೈಕಿನ್ಯಾಗ ಇಲ್ಲ. ನನ್ನ ಅನುಭವದಾಗ ಅವ್ರ ದೊಡ್ಡ ಪವರ್ ಏನಂದ್ರ, ಏನೂ ಮಾಡದ ಸುಮ್ನ ಇರೂದು. ಇದು ಟಿವಿಯಾಗ ಕಾಣಂಗಿಲ್ಲ, ಅದಕ್ಕ ಯಾರೂ ಮಾತಾಡಂಗಿಲ್ಲ.

ಪಕ್ಷಾಂತರ ತಗೋರಿ. 1985ರಾಗ ಸಂವಿಧಾನಕ್ಕ ಹತ್ತನೇ ಅನುಸೂಚಿ ಬಂತು, ಎಂಪಿ-ಎಂಎಲ್‌ಎ ಪಾರ್ಟಿ ಜಿಗದ್ರ ಅನರ್ಹ ಮಾಡೂದು ಸ್ಪೀಕರ್ ಕೈಯಾಗ ಕೊಟ್ರು, ಆದ್ರ ಎಷ್ಟು ದಿನದಾಗ ತೀರ್ಮಾನ ಮಾಡಬೇಕು ಅಂತ ಬರೀಲೇ ಇಲ್ಲ. ಆಗೇನಾತು, ಯಾರ್ಯಾರ ಮ್ಯಾಲೋ ಅರ್ಜಿ ಬರೂದು, ವರ್ಷಗಟ್ಟಲೆ ಟೇಬಲ್ ಮ್ಯಾಲ ಬೀಳೂದು, ಅಷ್ಟರಾಗ ಅವಧಿನೇ ಮುಗಿಯೂದು. 2020ರಾಗ ಮಣಿಪುರದ ಕೇಸಿನ್ಯಾಗ ಸುಪ್ರೀಂ ಕೋರ್ಟು ಸಾಮಾನ್ಯವಾಗಿ ಮೂರು ತಿಂಗಳ ಒಳಗ ಮುಗಸ್ರಿ ಅಂತು. 2025ರ ಜುಲೈನಾಗ ತೆಲಂಗಾಣದ 10 ಶಾಸಕರ ಕೇಸಿನ್ಯಾಗ ಮತ್ತ ಮೂರು ತಿಂಗಳ ಗಡುವು ಕೊಟ್ಟು, ಈ ಕೆಲಸ ಸ್ಪೀಕರ್ ಕೈಯಾಗ ಇರಬೇಕೋ ಬ್ಯಾಡೋ ಅಂತ ಪಾರ್ಲಿಮೆಂಟ್ ವಿಚಾರ ಮಾಡಬೇಕು ಅಂತ ಹೇಳ್ತು.

ಮತ್ತ ಕೋರ್ಟಿಗೆ ಹೋಗಾಕ ಬರಂಗಿಲ್ಲ ಅನ್ನೋ ನಿಮ್ಮ ಮಗನ ಮಾತಿಗೆ ಉತ್ತರ ನಿಮ್ಮ ಮಗ್ಗಲದಾಗ ಐತಿ. 2010ರಾಗ ರಾಜ್ಯದ ಸ್ಪೀಕರ್ ಕೆ.ಜಿ. ಬೋಪಯ್ಯ ವಿಶ್ವಾಸಮತದ ಹೊತ್ತಿಗೆ 11 ಬಿಜೆಪಿ ಶಾಸಕರನ್ನ, ಐದು ಪಕ್ಷೇತರರನ್ನ ಅನರ್ಹ ಮಾಡಿದ್ರು, 2011ರ ಮೇ ತಿಂಗಳದಾಗ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡ್ತು, ಕೇಸಿನ ಹೆಸರು ಬಾಲಚಂದ್ರ ಜಾರಕಿಹೊಳಿ, ಅರಬಾವಿಯವ್ರದು. 2019ರಾಗ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ 17 ಶಾಸಕರನ್ನ ಅನರ್ಹ ಮಾಡಿ, 2023ರ ತನಕ ನಿಲ್ಲುವಂಗಿಲ್ಲ ಅಂದ್ರು, ನವೆಂಬರ್ 13ಕ್ಕ ಸುಪ್ರೀಂ ಕೋರ್ಟು ಅನರ್ಹತೆ ಸರಿ, ಆದ್ರ 2023ರ ಮಾತು ನಡಿಯಂಗಿಲ್ಲ ಅಂತು, ಆ ಕೇಸಿನ ಹೆಸರು ಶ್ರೀಮಂತ ಬಾಳಾಸಾಹೇಬ ಪಾಟೀಲ, ಕಾಗವಾಡದವ್ರದು. ಗೋಕಾಕ, ಅಥಣಿ, ಕಾಗವಾಡ ಮೂರೂ ಕಡೆ ಡಿಸೆಂಬರ್‌ದಾಗ ಉಪಚುನಾವಣೆ ಆಗಿ ಅದ ಮಂದಿ ವಾಪಸ್ ಆರಿಸಿ ಬಂದ್ರು. ಒಂದು ಸಲ ಒಂದು ಪಾರ್ಟಿ ಸ್ಪೀಕರ್, ಇನ್ನೊಂದು ಸಲ ಇನ್ನೊಂದು ಪಾರ್ಟಿಯವ್ರು, ಎರಡೂ ಸಲ ಕೋರ್ಟು ಕೈ ಹಾಕ್ತು. ದೇಶದ ಲಾ ಕಾಲೇಜ್ ಹುಡುಗರು ಪಕ್ಷಾಂತರ ಕಾಯ್ದೆ ಓದೂ ಮುಂದ ಬೆಳಗಾವಿ ಜಿಲ್ಲಾದ ಎರಡು ಹೆಸರು ಬಾಯಿಪಾಠ ಮಾಡ್ತಾರ, ಹೆಮ್ಮೆ ಪಡಬೇಕೋ ನಾಚಬೇಕೋ ನೀವ ಹೇಳ್ರಿ. ಇದಕ್ಕ ದಾರಿ ಮಾಡಿದ್ದು 1992ರ ಕಿಹೊಟೊ ಹೊಲ್ಲೊಹಾನ್ ತೀರ್ಪು, ಅನರ್ಹತೆ ತೀರ್ಮಾನ ಮಾಡೂ ಮುಂದ ಸ್ಪೀಕರ್ ಒಂದು ಟ್ರಿಬ್ಯುನಲ್ ಇದ್ದಂಗ, ಕೋರ್ಟು ನೋಡಬಹುದು ಅಂತ.

ಕೋರ್ಟು ಕೈ ಹಾಕದ ಜಾಗ ಯಾವುದಂದ್ರ ಸದನದ ಒಳಗಿನ ನಡಾವಳಿ, 122ನೇ ವಿಧಿ. ಯಾರನ್ನ ಕರದ್ರು, ಯಾರನ್ನ ಬಿಟ್ರು, ಝೀರೋ ಅವರ್, ಅಂದ್ರ ಎಂಪಿಗಳು ಜರೂರ ವಿಷಯ ಎತ್ತೂ ವೇಳೆ, ಎಷ್ಟು ಹೊತ್ತು ನಡಸಿದ್ರು, ಇವೆಲ್ಲಾ ಅಲ್ಲೇ ಮುಗಿತಾವು. "ನಮ್ಮ ಎಂಪಿಗೆ ಚಾನ್ಸ್ ಕೊಡಲಿಲ್ಲ" ಅಂತ ರಿಟ್ ಹಾಕಿದ್ರ ಮೊದಲನೇ ದಿನಾನ ವಾಪಸ್ ಬರ್ತೈತಿ, ವಕೀಲರ ಫೀ ಒಂದು ದಂಡ.

ಇನ್ನೊಂದು ಪವರ್ ಹಣಕಾಸು ಮಸೂದೆ, ಅಂದ್ರ ಬರೇ ತೆರಿಗೆ, ಸರ್ಕಾರದ ರೊಕ್ಕದ ವಿಷಯ ಇರೋ ಮನಿ ಬಿಲ್. ಯಾವುದು ಹಣಕಾಸು ಮಸೂದೆ ಅನ್ನೂದ್ರಾಗ ಸ್ಪೀಕರ್ ಮಾತೇ ಕಡೀದು ಅಂತ 110ನೇ ವಿಧಿ ಹೇಳ್ತೈತಿ. ಆ ಸರ್ಟಿಫಿಕೇಟ್ ಬಿತ್ತಂದ್ರ ರಾಜ್ಯಸಭಾಕ್ಕ 14 ದಿನ ಇಟ್ಕೊಂಡು ಸಲಹೆ ಕೊಡೂದಷ್ಟ ಕೆಲಸ, ತಡಿಯಾಕ ಬರಂಗಿಲ್ಲ. 2016ರ ಆಧಾರ್ ಕಾಯ್ದೆ ಹಂಗ ಪಾಸ್ ಆತು, ಸುಪ್ರೀಂ ಕೋರ್ಟಿಗೂ ಹೋತು, ಆಮ್ಯಾಲ 2019ರಾಗ ಈ ಪ್ರಶ್ನೆನ್ನ ಏಳು ಜಡ್ಜ್‌ಗಳ ಪೀಠಕ್ಕ ಕಳಿಸಿದ್ರು.

ಹಂಗ ಡೆಪ್ಯುಟಿ ಸ್ಪೀಕರ್ ಕುರ್ಚಿದೂ ಒಂದು ಕಥಿ. ಸಂವಿಧಾನ ಆದಷ್ಟು ಲಗೂನ ಆರಿಸ್ರಿ ಅಂತೈತಿ, ತಾರೀಖು ಹಾಕಿಲ್ಲ. 1991ರಿಂದ 96ರ ತನಕ ವಿರೋಧ ಪಕ್ಷದಾಗಿದ್ದ ಬಿಜೆಪಿಯ ತುಮಕೂರಿನ ಎಸ್. ಮಲ್ಲಿಕಾರ್ಜುನಯ್ಯ ಆ ಕುರ್ಚಿ ಮ್ಯಾಲ ಇದ್ರು. 2019ರಿಂದ 24ರ 17ನೇ ಲೋಕಸಭಾ ಪೂರಾ ಐದು ವರ್ಷ ಆ ಕುರ್ಚಿ ಖಾಲಿ. ಇದೂ ಸುಮ್ನ ಇದ್ದು ಮಾಡಿದ ಕೆಲಸಾನೇ.

ತಗದ ಹಾಕಾಕ ಬರ್ತೈತೇನು ಅಂತ ಕೆಲವ್ರು ಕೇಳ್ತಾರ. ಬರ್ತೈತಿ, 94ನೇ ವಿಧಿ, 14 ದಿನ ಮೊದಲು ನೋಟೀಸ್ ಕೊಡಬೇಕು, ಸದನದಾಗ ತಗೋಬೇಕಾದ್ರ 50 ಮಂದಿ ಎದ್ದು ನಿಂತು ಬೆಂಬಲ ತೋರಿಸ್ಬೇಕು, ಪಾಸ್ ಆಗಬೇಕಾದ್ರ ಆವತ್ತು ಹಾಜರ ಇದ್ದವ್ರ ಬಹುಮತ ಸಾಲಂಗಿಲ್ಲ, ಆಗ ಇರೋ ಒಟ್ಟು ಸದಸ್ಯರ ಬಹುಮತ ಬೇಕು. ಚರ್ಚೆ ನಡದಾಗ ಸ್ಪೀಕರ್ ಕುರ್ಚಿ ಮ್ಯಾಲ ಕುಂಡ್ರುವಂಗಿಲ್ಲ, ಕೆಳಗ ಕುಂತು ಮಾತಾಡಬಹುದು, ಓಟೂ ಹಾಕಬಹುದು. 1954ರಾಗ ಮಾವಳಂಕರ್ ಮ್ಯಾಲ, 1966ರಾಗ ಹುಕಂ ಸಿಂಗ್ ಮ್ಯಾಲ, 1987ರಾಗ ಬಲರಾಮ್ ಜಾಖಡ್ ಮ್ಯಾಲ ತಂದ್ರು, ಮೂರೂ ಬಿದ್ವು. ಬಹುಮತ ಇದ್ದವ್ರು ತಾವ ಆರಿಸಿದವ್ರನ್ನ ತಾವ ಯಾಕ ಇಳಸ್ತಾರ?

ಇಷ್ಟೆಲ್ಲಾ ಹೇಳಿದ ಮ್ಯಾಲ ನಿಮ್ಮ ರೈಲಿಗೆ ಬರ್ತೀನಿ, ಯಾಕಂದ್ರ ಮ್ಯಾಲ ಹೇಳಿದ ಯಾವ ಪವರೂ ಬಾಗಲಕೋಟಿ-ಕುಡಚಿ ಲೈನನ್ನ ತಡದಿಲ್ಲ, ಕೊಟ್ಟಿಲ್ಲ. ಸ್ಪೀಕರ್‌ಗೆ ನೀವು ಸೀದಾ ಪತ್ರ ಬರೀಬಹುದು, ಯಾರೂ ಬ್ಯಾಡ ಅನ್ನಂಗಿಲ್ಲ, ಆದ್ರ ಅವ್ರು ರೈಲ್ವೆ ಮಂತ್ರಿಗೆ ಲೈನ್ ಹಾಕ್ರಿ ಅಂತ ಆರ್ಡರ್ ಮಾಡಾಕ ಬರಂಗಿಲ್ಲ. ಪತ್ರ ಸೆಕ್ರೆಟರಿಯೇಟಿಗೆ ಹೋಗ್ತೈತಿ, ಅಲ್ಲಿಂದ ಎಲ್ಲಿಗೋ ಹೋಗ್ತೈತಿ.

ಪತ್ರಕ್ಕಿಂತ ಗಟ್ಟಿ ಅರ್ಜಿ. ಲೋಕಸಭಾಕ್ಕೇ ಅರ್ಜಿ ಹಾಕೂ ಪದ್ಧತಿ ಐತಿ, ಸಾರ್ವಜನಿಕ ಹಿತದ ವಿಷಯ ಇದ್ರ ನಡಿತೈತಿ, ಒಬ್ಬ ಎಂಪಿ ಸಹಿ ಹಾಕಿ ಮಂಡಿಸ್ತಾರ, 15 ಮಂದಿಯ ಅರ್ಜಿ ಸಮಿತಿ ನೋಡಿ ಇಲಾಖೆಯಿಂದ ವರದಿ ತರಸ್ತೈತಿ. ಕನ್ನಡದಾಗ ಬರದ್ರ ಹಿಂದಿ ಇಲ್ಲಾ ಇಂಗ್ಲಿಷ್ ಅನುವಾದ ಜೋಡಿಸಿ ಅದಕ್ಕೂ ಸಹಿ ಮಾಡಬೇಕು, ನಮ್ಮ ಮಂದಿ ಮರಿಯೂದು ಇದನ್ನ. ತೊಂದರೆ ಏನಂದ್ರ ಭಾಳ ಸಾವಕಾಶ, ಮತ್ತ ಕೋರ್ಟಿನ್ಯಾಗ ಇರೋ ವಿಷಯ ಇದ್ರ ತಗೋಳಂಗಿಲ್ಲ. ಅದಕ್ಕ ಕೋರ್ಟಿಗೆ ಹೋಗೂ ಮೊದಲು ಎರಡು ಸಲ ವಿಚಾರ ಮಾಡ್ರಿ. ಧಾರವಾಡ ಪೀಠದಾಗ ಪಿಐಎಲ್ ಹಾಕಿದ್ರ, ಭೂಸ್ವಾಧೀನ ಯಾಕ ತಡ ಅಂತ ರಾಜ್ಯ ಸರ್ಕಾರನ್ನೂ ರೈಲ್ವೆನೂ ಕೇಳಿಸಬಹುದು, ಅದರಾಗ ಬಲ ಐತಿ, ಆದ್ರ ಹಾಕಿದ ಮರದಿನದಿಂದ ಎಂಪಿಗೆ ಹೊಸಾ ನೆವ ಸಿಗ್ತೈತಿ, ವಿಷಯ ಕೋರ್ಟಿನ್ಯಾಗ ಐತಿ, ಸದನದಾಗ ಎತ್ತಾಕ ಬರಂಗಿಲ್ಲ ಅಂತ. ಆ ನೆವ ಸುಳ್ಳೂ ಅಲ್ಲ, ಪ್ರಶ್ನೆ, ಚರ್ಚೆ ಎರಡಕ್ಕೂ ಆ ಅಡ್ಡಿ ಬರ್ತೈತಿ.

ಎಂಪಿ ಕೈಯಾಗ ಇರೋ ಹಾದಿಗಳ್ಯಾಗ ನಿಮಗ ಭಾಳ ಉಪಯೋಗ ಆಗೂದು ಝೀರೋ ಅವರ್ ಅಲ್ಲ. ಟಿವಿಯಾಗ ಚಂದ ಕಾಣ್ತೈತಿ, ಕ್ಲಿಪ್ ಮಾಡಿ ವಾಟ್ಸಾಪಿಗೆ ಬಿಡಬಹುದು, ಆದ್ರ ನಿಯಮದ ಪುಸ್ತಕದಾಗ ಆ ಹೆಸರೇ ಇಲ್ಲ, ಮಂತ್ರಿ ಉತ್ತರ ಕೊಡಬೇಕು ಅಂತಿಲ್ಲ, ಹೆಸರು ಬರೂದು ಲಾಟರಿ ಮ್ಯಾಲ. 377ನೇ ನಿಯಮ ಅದಕ್ಕಿಂತ ಚಲೋ, ದಿನಕ್ಕ 20 ಮಂದಿಗೆ, 250 ಶಬ್ದದ ಒಳಗ ಬರದು ಓದೂದು, ಗದ್ಲ ಇದ್ದ ದಿನ ಟೇಬಲ್ ಮ್ಯಾಲ ಇಟ್ಟಾರ ಅಂತ ತಿಳಕೊಂಡ್ರೂ ನಡಿತೈತಿ, ಆಮ್ಯಾಲ ಮಂತ್ರಿ ಕಡಿಂದ ಲಿಖಿತ ಉತ್ತರ ಬರ್ತೈತಿ. ಎಲ್ಲಕ್ಕಿಂತ ಗಟ್ಟಿ ಅಂದ್ರ ಪ್ರಶ್ನೆ. ದಿನಕ್ಕ 20 ಚುಕ್ಕೆ ಗುರುತಿನವು, 230 ಚುಕ್ಕೆ ಇಲ್ಲದವು, 15 ಪೂರ್ಣ ದಿನ ಮೊದಲು ಕಳಿಸಿರಬೇಕು. ಚುಕ್ಕೆದು ಬಂದ್ರ ಮಂತ್ರಿ ಎದ್ದು ಉತ್ತರ ಕೊಟ್ಟು ಮ್ಯಾಲ ಉಪಪ್ರಶ್ನೆನೂ ಎದುರಸ್ಬೇಕು, ಆದ್ರ ಅದೂ ಲಾಟರಿ, 20ರಾಗ ಬಾಯಿಮಾತಿನ ಉತ್ತರದ ತನಕ ಮುಟ್ಟೂದು ಕೆಲವೇ. ಚುಕ್ಕೆ ಇಲ್ಲದ್ದು ಸಪ್ಪಗ ಕಾಣ್ತೈತಿ, ಕ್ಲಿಪ್ ಇಲ್ಲ ಏನಿಲ್ಲ, ಆದ್ರ ಮಂತ್ರಿ ಲಿಖಿತವಾಗಿ ಎಷ್ಟು ಎಕರೆ ಸಿಕ್ಕೈತಿ, ಎಷ್ಟು ರೊಕ್ಕ ಖರ್ಚಾತು ಅಂತ ಹಾಕಿ ಕೊಡಬೇಕು, ಸುಳ್ಳು ಬರದ್ರ ಹಕ್ಕುಚ್ಯುತಿ, ಅಂದ್ರ ಸದನದ ಹಕ್ಕಿಗೆ ಧಕ್ಕೆ ತಂದ ತಪ್ಪು. ಸದನ ಗದ್ಲದಾಗ ಮುಂದ ಹೋದ್ರೂ ಆ ಉತ್ತರ ಮಾತ್ರ ಬರ್ತೈತಿ, ಸ್ಪೀಕರ್ ಆಗ್ಲಿ ಗದ್ಲ ಮಾಡೋರಾಗ್ಲಿ ಅದನ್ನ ನಿಲ್ಲಸಾಕ ಆಗಂಗಿಲ್ಲ. ಹದಿನಾಕು ವರ್ಷದಾಗ ನಾ ಮಾಡಿದ ಕೆಲಸದಾಗ ಊರಿಗೆ ಏನಾದ್ರೂ ಉಪಯೋಗ ಆಗಿದ್ರ ಇಂಥಾ ಸಪ್ಪನ ಪ್ರಶ್ನೆಗಳಿಂದ.

ಎಂಪಿ ಇನ್ನೂ ಗಟ್ಟಿ ಇದ್ರ ಬಜೆಟ್ ಅಧಿವೇಶನದಾಗ ರೈಲ್ವೆ ಅನುದಾನದ ಬೇಡಿಕೆ ಮ್ಯಾಲ 100 ರೂಪಾಯಿ ಕಡಿತದ ಗೊತ್ತುವಳಿ ಕೊಡಬಹುದು, ಈ ಲೈನಿನ ತಡ ಸಲುವಾಗಿ 100 ರೂಪಾಯಿ ಕಡಿಮಿ ಮಾಡ್ರಿ ಅಂತ, ಅದು ಸಾಂಕೇತಿಕ. ಆಳೋ ಪಾರ್ಟಿ ಎಂಪಿ ಇದ್ರ ಕೊಡಂಗಿಲ್ಲ, ಕೇಳಿ ಮುಜುಗರ ಮಾಡಬ್ಯಾಡ್ರಿ. ಮತ್ತ ಚರ್ಚೆಗೆ ಬಾರದ ಬೇಡಿಕೆಗಳನ್ನೆಲ್ಲ ಕಡೀ ದಿನ ಸ್ಪೀಕರ್ ಒಂದ ಸಲಕ್ಕ ಮತಕ್ಕ ಹಾಕ್ತಾರ, ಅದಕ್ಕ ಗಿಲೊಟಿನ್ ಅಂತಾರ, ರೈಲ್ವೆ ಅದರಾಗ ಸಿಕ್ರ ಅದೂ ಹೋತು.

ಒಂದು ಎಚ್ಚರಿಕೆ ಮಾತು. ನಿಮ್ಮ ಪತ್ರದ ಕಡೀಕ ಸ್ಪೀಕರ್ ಬಗ್ಗೆ ಒಂದು ಸಾಲು ಬರದಿದ್ರಿ, ನಾ ಮ್ಯಾಲ ಹಾಕಿಲ್ಲ. ಅದನ್ನ ಊರಿನ ಗ್ರೂಪಿಗೂ ಹಾಕಬ್ಯಾಡ್ರಿ. ನಿರ್ಣಯ ಸರಿ ಇಲ್ಲ ಅಂತ ಟೀಕೆ ಮಾಡೂದು ಬ್ಯಾರೆ, ರೊಕ್ಕ ತಿಂದು ತೀರ್ಮಾನ ಮಾಡ್ಯಾರ ಅನ್ನೂದು ಬ್ಯಾರೆ, ಎರಡನೇದ್ದು ಸದನದ ಹಕ್ಕುಚ್ಯುತಿಗೂ ಬರ್ತೈತಿ, ಮಾನನಷ್ಟಕ್ಕೂ ಬರ್ತೈತಿ.

ಮೊದಲನೇ ಕೆಲಸ ಇವತ್ತ ರಾತ್ರಿ ಮಗನ ಕೈಲೆ ಮಾಡಸ್ರಿ. ಪಾರ್ಲಿಮೆಂಟಿನ ವೆಬ್‌ಸೈಟಿನ್ಯಾಗ ಲೋಕಸಭಾ ಪ್ರಶ್ನೆಗಳ ಕಡೆ ಹೋಗಿ ಎಂಪಿ ಹೆಸರು ಹಾಕಿ, ರೈಲ್ವೆ ಖಾತೆ ಆರಿಸಿ ಹುಡುಕ್ಲಿ, ಏನೇನು ಕೇಳ್ಯಾರ, ಮಂತ್ರಿ ಏನಂದಾರ ಎಲ್ಲಾ ಬರ್ತೈತಿ. ಅಲ್ಲಿ ಈಗಾಗಲೇ ಉತ್ತರ ಬಿದ್ದಿದ್ರ ಅದರಾಗಿನ ಅಂಕಿ ಹಿಡಕೊಂಡೇ ಮುಂದಿನ ಪ್ರಶ್ನೆ ಕೇಳ್ಬೇಕು. ಇಲ್ಲಂದ್ರ ನೀವ ಕರಡು ಬರದು ಕೊಡ್ರಿ, 150 ಶಬ್ದದ ಒಳಗ: ಬಾಗಲಕೋಟಿ-ಕುಡಚಿ ಮಾರ್ಗದಾಗ ಇಲ್ಲಿವರೆಗೆ ಸ್ವಾಧೀನ ಆದ ಜಮೀನು ಎಷ್ಟು, ಬಾಕಿ ಎಷ್ಟು, ತಾಲೂಕವಾರು, ಹಿಂದಿನ ಮೂರು ವರ್ಷದಾಗ ಕೊಟ್ಟ ರೊಕ್ಕ ಎಷ್ಟು, ಖರ್ಚಾಗಿದ್ದು ಎಷ್ಟು, ರಾಜ್ಯದ ಪಾಲು ಬಂದೈತೋ ಇಲ್ಲೋ, ಖಜ್ಜಿಡೋಣಿಯಿಂದ ಮುಂದಿನ ಒಂದೊಂದು ಹಂತಕ್ಕ ಹಾಕಿದ ಗಡುವು ಯಾವುದು. ಯಾಕ ತಡ ಅಂತ ಕೇಳಬ್ಯಾಡ್ರಿ, ಆ ಪ್ರಶ್ನೆಗೆ ಹೂಂ ಅನ್ನೂವಂಥಾ ಉತ್ತರ ಬರ್ತೈತಿ, ಅಂಕಿ ಕೇಳ್ರಿ.

ಕರಡು ಕೊಟ್ಟು ಸುಮ್ನ ಎದ್ದು ಬರಬ್ಯಾಡ್ರಿ. ಸಾಹೇಬ್ರ ಪಿಎ ಯಾರೋ ಅವ್ರ ನಂಬರ್ ತಗೋರಿ, ಅಲ್ಲಿ ಕುಂತಾಂವ ನನ್ನಂಥಾಂವನ ಇರ್ತಾನ. ಹದಿನೈದು ದಿನದ ಲೆಕ್ಕ ಹಾಕಿ ಫೋನ್ ಮಾಡಿ, ಕಳಿಸಿದ ನೋಟೀಸಿಂದು ಒಂದು ಪ್ರತಿ ವಾಟ್ಸಾಪ್ ಮಾಡ್ರಿ ಅಣ್ಣಾ ಅಂತ ಕೇಳ್ರಿ. ಪ್ರತಿ ಬಂತಂದ್ರ ಎಂಪಿ ಕೆಲಸ ಮಾಡ್ಯಾರ, ಆಮ್ಯಾಲ ಲಾಟರಿಯಾಗ ಬರಲಿಲ್ಲಂದ್ರ ಮುಂದಿನ ವಾರ ಮತ್ತ ಹಾಕಾಕ ಹೇಳ್ರಿ. ಪ್ರತಿ ಬರಲಿಲ್ಲ, ನೆವ ಬಂತು ಅಂದ್ರ, ನನಗ ಗೊತ್ತಿದ್ದ ಮಟ್ಟಿಗೆ, ಆ ನೋಟೀಸ್ ಹುಟ್ಟೇ ಇಲ್ಲ.